ರಕ್ತದ ಲೆಕ್ಕ ಕೂಡಿದ ಮೇಲೆ ಕಾದಂಬರಿ ಓಡಿತು

ಕನ್ನಡದ ಹುಡುಗ ಹುಡುಗಿಯರು ವ್ಯಾಂಪೈರ್ ಕಥೆ ಓದುವುದಿಲ್ಲ, ಅದರಲ್ಲಿ ವಿಜ್ಞಾನ ತುಂಬಿದರೆ ಮುಟ್ಟುವುದೇ ಇಲ್ಲ ಎಂದು ಪ್ರಕಾಶಕರೊಬ್ಬರು, ರಕ್ತ ಕುಡಿಯುವ ಹದಿನಾರರ ಹುಡುಗಿಯೊಬ್ಬಳ ಮೇಲೆ ನಾನು ಬರೆದ ಕಾದಂಬರಿಯ ಹಸ್ತಪ್ರತಿ ವಾಪಸು ಕೊಟ್ಟರು. ನಾನೇ ಅಚ್ಚು ಹಾಕಿಸಿದ ಐನೂರು ಪ್ರತಿಗಳು ಈಗ ಬಹುತೇಕ ಖಾಲಿ. ಕೊಂಡವರಲ್ಲಿ ಅರ್ಧದಷ್ಟು ಪಿಯುಸಿ ಮಕ್ಕಳೇ.

ಮೊದಲ ಕರಡು ನಿಂತದ್ದು ಪೋರ್ಫೈರಿಯಾ ಮೇಲೆ, ಅಂದರೆ ರಕ್ತದ ಕೆಂಪು ವಸ್ತು ಮೈಯಲ್ಲಿ ಸರಿಯಾಗಿ ತಯಾರಾಗದ ಕಾಯಿಲೆಯ ಮೇಲೆ. ಆ ಕಾಯಿಲೆಯವರು ಉಪಶಮನಕ್ಕೆ ರಕ್ತ ಕುಡಿದಿರಬಹುದು, ವ್ಯಾಂಪೈರ್ ಕಥೆ ಹುಟ್ಟಿದ್ದು ಹಾಗೆ ಎಂಬ ಊಹೆಯನ್ನು 1985ರಲ್ಲಿ ರಸಾಯನ ವಿಜ್ಞಾನಿ ಡೇವಿಡ್ ಡಾಲ್ಫಿನ್ ಮುಂದಿಟ್ಟಿದ್ದರು. ಆದರೆ ರಕ್ತ ಕುಡಿದರೆ ಆ ಕಾಯಿಲೆ ವಾಸಿಯಾಗದು. ಮೇಲಾಗಿ, ನಿಜಕ್ಕೂ ನರಳುವವರನ್ನು ಪಿಶಾಚಿ ಮಾಡಲು ನನಗೆ ಮನಸ್ಸು ಬರಲಿಲ್ಲ. ನೂರೈವತ್ತು ಪುಟದಷ್ಟು ಹರಿದು ಹಾಕಿದೆ. ಆಮೇಲೆ ಅದರ ಬದಲು ರೇಬೀಸನ್ನು ಆಧಾರವಾಗಿ ಹಿಡಿದೆ. ಲಕ್ಷಣ ಕಾಣಿಸಿದ ಮೇಲೆ ನಾಯಕಿ ಬದುಕುವುದೇ ಕೆಲವು ದಿನ, ಕಾದಂಬರಿ ಬೆಳೆಯುವುದೆಲ್ಲಿ?

ಬಾಗಿಲು ತೆರೆದದ್ದು ಊಟದ ಲೆಕ್ಕ. ಒಂದು ಲೀಟರ್ ರಕ್ತದಲ್ಲಿ ಹೆಚ್ಚುಕಮ್ಮಿ 200 ಗ್ರಾಂ ಪ್ರೋಟೀನ್, ಅಂದರೆ 800 ಕ್ಯಾಲೊರಿ. ಹದಿನಾರರ ಹುಡುಗಿಗೆ ದಿನಕ್ಕೆ ಎರಡೂವರೆ ಸಾವಿರ ಬೇಕು, ಅಂದರೆ ಮೂರು ಲೀಟರ್. ಮನುಷ್ಯನ ಮೈಯಲ್ಲಿರುವುದೇ ಐದು ಲೀಟರ್! ಜೊತೆಗೆ ಒಂದೂವರೆ ಗ್ರಾಂ ಕಬ್ಬಿಣ ಹೊಟ್ಟೆಗಿಳಿಯುತ್ತದೆ, ಯಕೃತ್ತು ತಡೆಯುವುದಿಲ್ಲ. ಹಾಗಾಗಿ ನನ್ನ ನಾಯಕಿ ಮನೆಯಲ್ಲಿ ಮುದ್ದೆಯನ್ನೂ ಉಣ್ಣುತ್ತಾಳೆ. ರಕ್ತ ಬೇಕಾಗುವುದು ಒಂದೇ ಒಂದು ವಸ್ತುವಿಗೆ. ಅದು ಯಾವುದೆಂದು ಇಲ್ಲಿ ಹೇಳಲಾರೆ, ಎರಡನೇ ಭಾಗ ಪೂರ್ತಿ ಅದರ ಮೇಲೆಯೇ ನಿಂತಿದೆ.

ಕಬ್ಬಿಣದ ಗಂಟು ಬಿಡಿಸಿಕೊಟ್ಟದ್ದು ಬಾವಲಿ. ರಕ್ತ ಕುಡಿಯುವ ಬಾವಲಿಗಳಲ್ಲಿ ಆರ್‌ಇಪಿ15 ಎಂಬ ಜೀನ್ ಕಳೆದುಹೋಗಿದೆ ಎಂದು 2022ರಲ್ಲಿ ತಿಳಿಯಿತು. ಅದಿಲ್ಲದ್ದರಿಂದ ಕರುಳಿನ ಕೋಶಗಳು ಕಬ್ಬಿಣ ತುಂಬಿಕೊಂಡು, ಅದರ ಸಮೇತ ಉದುರಿ ಹೋಗುತ್ತವೆ ಎಂಬುದು ಸಂಶೋಧಕರ ವಿವರಣೆ. ನಾಯಕಿಗೂ ಅದನ್ನೇ ಕೊಟ್ಟೆ. ಇಷ್ಟು ಅಚ್ಚುಕಟ್ಟಾದ ಉತ್ತರ ಬೇರೆ ಯಾವ ವ್ಯಾಂಪೈರ್ ಕಥೆಯಲ್ಲೂ ನಾನು ಓದಿಲ್ಲ.

ಅಂಥ ಬಾವಲಿಗಳ ಮೂರೂ ಜಾತಿ ಅಮೆರಿಕ ಖಂಡಗಳವು. ಕಥೆ ನಡೆಯುವುದು ಕೋಲಾರದಲ್ಲಿ. ಅಲ್ಲಿನ ಹನುಮನಹಳ್ಳಿ ಗುಹೆಯ ಬಾವಲಿ ಈಗ ಬೇರೆಲ್ಲೂ ಕಾಣದ ಅಪರೂಪದ ಜಾತಿ, ತಿನ್ನುವುದು ಹುಳುಹುಪ್ಪಟೆ. ಅದನ್ನು ಖಳನಾಗಿಸುವ ಬದಲು ನಾಯಕಿಯೇ ಕಾಯುವಂತೆ ಬರೆದೆ. ಮಕ್ಕಳಿಗೆ ಆ ಅಧ್ಯಾಯವೇ ಹೆಚ್ಚು ಹಿಡಿಸಿದೆ.

ನಡುವೆ ಒಂದು ಪ್ರಯೋಗ. ಮಟನ್ ಅಂಗಡಿಯಲ್ಲೇ ಮೇಕೆ ರಕ್ತವನ್ನು ಬಿಸಿಯಾಗಿರುವಾಗಲೇ ಎರಡು ಲೋಟಕ್ಕೆ ಹಿಡಿದೆ. ಒಂದು ಹತ್ತು ನಿಮಿಷದೊಳಗೇ ಹೆಪ್ಪುಗಟ್ಟಿತು. ಸೋಡಿಯಂ ಸಿಟ್ರೇಟ್ ಕಲಸಿಟ್ಟದ್ದು ರಾತ್ರಿಯವರೆಗೂ ನೀರಾಗಿತ್ತು. ಕಾಲೇಜಿನ ಲ್ಯಾಬಿನಿಂದ ಸಿಟ್ರೇಟ್ ಕದಿಯುವ ದೃಶ್ಯ ಹುಟ್ಟಿದ್ದು ಹಾಗೆ. ರಕ್ತ ಕುಡಿಯುವ ಬಾವಲಿಯ ಎಂಜಲಿನಲ್ಲಿರುವ ಡ್ರಾಕುಲಿನ್ ಎಂಬ ಪ್ರೋಟೀನ್ ಬೇರೆ ದಾರಿಯಲ್ಲಿ ಹೆಪ್ಪು ತಡೆಯುತ್ತದೆ, ಅದನ್ನು ಖಳನಿಗೆ ಮೀಸಲಿಟ್ಟೆ.

ಸ್ನೇಹದ ಎಳೆ ಸಿಕ್ಕಿದ್ದು ರಕ್ತ ಕುಡಿಯುವ ಬಾವಲಿಗಳ ಬಗ್ಗೆ ಜೀವವಿಜ್ಞಾನಿ ಜೆರಾಲ್ಡ್ ವಿಲ್ಕಿನ್ಸನ್ ಅವರ 1984ರ ಲೇಖನದಿಂದ. ಎರಡು ಮೂರು ರಾತ್ರಿ ಉಪವಾಸ ಬಿದ್ದರೆ ಬಾವಲಿ ಸಾಯುತ್ತದೆ, ಹೊಟ್ಟೆ ತುಂಬಿದ್ದು ಹಸಿದ ಒಡನಾಡಿಗೆ ಕಕ್ಕಿ ಉಣಿಸುತ್ತದೆ. ಕಥೆಗೆ ಗಡುವೂ ಸಿಕ್ಕಿತು, ತ್ಯಾಗವೂ ಸಿಕ್ಕಿತು. ಪ್ರೇಮಕಥೆ ತುರುಕಿ ಎಂದವರ ಮಾತು ಕೇಳದೆ ಇದನ್ನೇ ನೆಚ್ಚಿಕೊಂಡೆ.

ದುಡ್ಡಿನ ವಿಷಯ: ಮುದ್ರಣ, ಮುಖಪುಟ, ಕರಡು ತಿದ್ದುವಿಕೆ ಸೇರಿ ಎಪ್ಪತ್ತೈದು ಸಾವಿರದ ಆಸುಪಾಸು. ಬೆಲೆ 250 ರೂಪಾಯಿ. ಅಂಗಡಿಗಳು ನಲವತ್ತು ಪರ್ಸೆಂಟ್ ಕೇಳಿದವು, ಒಂದೆರಡು ಇನ್ನೂ ಬಾಕಿ ಕೊಟ್ಟಿಲ್ಲ. ಅಸಲು ಬಂದದ್ದು ಕಾಲೇಜುಗಳಿಗೆ ನಾನೇ ಹೊತ್ತುಕೊಂಡು ಹೋಗಿ ಮಾರಿದ್ದರಿಂದ. ಎರಡನೇ ಮುದ್ರಣದಲ್ಲಿ ಅಂಗಡಿಗೆ ನೂರು ಪ್ರತಿ ಮಾತ್ರ, ಅದೂ ಮುಂಗಡ ಕೊಟ್ಟರೆ.