ಮೈಲುತುತ್ತ ಒಂದೇ, ಬದಲಾವಣೆ ಮೂರು: ಲ್ಯಾಬಲ್ಲಿ ಮಾಡಿ ನೋಡೋದು ಹೇಗೆ?

ಭೌತ ಬದಲಾವಣೆ ಅಂದ್ರೆ ವಾಪಸ್ ಬರುತ್ತೆ, ರಾಸಾಯನಿಕ ಬದಲಾವಣೆ ಅಂದ್ರೆ ವಾಪಸ್ ಬರಲ್ಲ ಅಂತ ಮಕ್ಕಳು ಬಾಯಿಪಾಠ ಮಾಡಿರ್ತಾರೆ, ಐಸ್ ಕರಗೋದು ಈ ಕಡೆ, ಪೇಪರ್ ಸುಡೋದು ಆ ಕಡೆ, ಎರಡು ಮಾರ್ಕ್ಸ್ ಬಂತು ಮುಗೀತು. ಈ ರೂಲ್ ಎಲ್ಲಿ ಕೈ ಕೊಡುತ್ತೆ ಅಂತ ತೋರಿಸೋಕೆ ಮೈಲುತುತ್ತ ಸಾಕು, ಅದೇ ಲ್ಯಾಬಿನ ಡಬ್ಬದ ಮೇಲೆ ಕಾಪರ್ ಸಲ್ಫೇಟ್ ಅಂತ ಬರೆದಿರುತ್ತಲ್ಲ, ಆ ನೀಲಿ ಹರಳು.

ಮೊದಲೇ ಹೇಳ್ಬಿಡ್ತೀನಿ, ಇದು ವಿಷ. ಟೀಚರ್ ಪಕ್ಕದಲ್ಲಿರಲಿ, ಕಣ್ಣಿಗೆ ಸೇಫ್ಟಿ ಕನ್ನಡಕ ಇರಲಿ, ಅಡುಗೆಮನೆ ಲೋಟ ಚಮಚ ತರೋದೇ ಬೇಡ.

ಮೊದಲನೇದು ಸುಲಭ. ಬೀಕರಿನಲ್ಲಿ 100 ಎಂಎಲ್ ನೀರಿಗೆ 10 ಗ್ರಾಂ ಹರಳು ಹಾಕಿ ಕಲಕಿ, ಕರಗಿ ಚೆಂದದ ನೀಲಿ ದ್ರಾವಣ ಆಗುತ್ತೆ. ಬೋರ್‌ವೆಲ್ ಗಡಸು ನೀರು ಹಾಕಿದ್ರೆ ಮಬ್ಬು ಮಬ್ಬಾಗಬಹುದು, ಡಿಸ್ಟಿಲ್ಡ್ ವಾಟರ್ ಇದ್ರೆ ಒಳ್ಳೇದು. ಇದರಲ್ಲಿ ಸ್ವಲ್ಪ ಅಗಲದ ಗಾಜಿನ ತಟ್ಟೆಗೆ ಹುಯ್ದು ಅಲುಗಾಡಿಸದೆ ಇಟ್ಬಿಡಿ, ನೀರು ಆರಿದ ಮೇಲೆ ಅದೇ ನೀಲಿ ಹರಳು ತಳದಲ್ಲಿ ಸಿಗುತ್ತೆ. ಹೊಸ ವಸ್ತು ಏನೂ ಹುಟ್ಟಲಿಲ್ಲ, ಭೌತ ಬದಲಾವಣೆ.

ಎರಡನೇದರಲ್ಲೇ ಮಜಾ ಇರೋದು. ಒಣಗಿದ ಟೆಸ್ಟ್ ಟ್ಯೂಬಿಗೆ ಸ್ವಲ್ಪ ಹರಳು ಪುಡಿ ಮಾಡಿ ಹಾಕಿ ಹೋಲ್ಡರಿನಲ್ಲಿ ಹಿಡ್ಕೊಂಡು, ಬಾಯಿ ಸ್ವಲ್ಪ ಕೆಳಗೆ ಬಾಗೋ ಹಾಗೆ ಮಾಡಿ, ಯಾರ ಮುಖದ ಕಡೆಗೂ ತಿರುಗಿಸದೆ ಸಣ್ಣ ಉರಿಯಲ್ಲಿ ಕಾಯಿಸಿ. ಬಾಯಿ ಹತ್ರ ನೀರಿನ ಹನಿ ಕಟ್ಟುತ್ತೆ, ಬಾಗಿಸಿರ್ಲಿಲ್ಲ ಅಂದ್ರೆ ಅದೇ ಹನಿ ಬಿಸಿ ತಳಕ್ಕೆ ಜಾರಿ ಟ್ಯೂಬ್ ಒಡೆಯುತ್ತೆ. ನೋಡಕ್ಕೆ ಒಣಗಿದ ಹರಳೇ, ಆದ್ರೆ ಅದರ 100 ಗ್ರಾಂನಲ್ಲಿ ಸುಮಾರು 36 ಗ್ರಾಂ ನೀರೇ ಇರುತ್ತೆ, ಅದು ಹೋದ್ರೆ ನೀಲಿನೂ ಹೋಗಿ ಬೂದು ಬಿಳಿ ಪುಡಿ ಉಳಿಯುತ್ತೆ. ಅಲ್ಲಿಗೆ ನಿಲ್ಲಿಸಿ, ಇನ್ನೂ ಕಾಯಿಸ್ತಾ ಹೋದ್ರೆ ಕಪ್ಪಾಗಿ ಘಾಟು ಹೊಗೆ ಬರಬಹುದು.

ಪೂರ್ತಿ ತಣ್ಣಗಾದ ಮೇಲೆ ಎರಡು ಹನಿ ನೀರು ಬಿಡಿ. ತಕ್ಷಣ ಮತ್ತೆ ನೀಲಿ, ಟ್ಯೂಬ್ ಮುಟ್ಟಿದ್ರೆ ಬಿಸಿ! ಈಗ ಕ್ಲಾಸಿಗೆ ಕೇಳಿ, ವಾಪಸ್ ಬಂತಲ್ಲ, ಭೌತ ಬದಲಾವಣೆನಾ ಅಂತ. ಅಲ್ಲ. ಬಿಳಿ ಪುಡಿಯ ರಚನೆ ಬೇರೆ, ಸೂತ್ರ ಬೇರೆ, ಒಂದೊಂದು ಕಾಪರ್ ಸಲ್ಫೇಟ್ ಘಟಕಕ್ಕೆ ಐದರಂತೆ ನೀರಿನ ಅಣು ಹರಳಿನಿಂದ ಬಿಟ್ಟು ಹೋಗಿ ಮತ್ತೆ ಬಂದು ಸೇರಿದ್ದು, ಅಂದ್ರೆ ವಾಪಸ್ ಬರೋ ರಾಸಾಯನಿಕ ಬದಲಾವಣೆ. ಹಾಗಾಗಿ ವಾಪಸ್ ಬರುತ್ತಾ ಅಂತ ಕೇಳೋದಕ್ಕಿಂತ ಹೊಸ ವಸ್ತು ಆಯ್ತಾ ಅಂತ ಕೇಳಿ ಅನ್ನೋದೇ ನನ್ನ ವಾದ.

ಮೂರನೇದಕ್ಕೆ ಎರಡು ಕಬ್ಬಿಣದ ಮೊಳೆ ಬೇಕು, ಜಿಂಕ್ ಕೋಟಿಂಗ್ ಇರೋದು ಬೇಡ, ಸ್ಟೀಲ್ ಸ್ಕ್ರೂ ಅಂತೂ ಬೇಡವೇ ಬೇಡ. ಸ್ಯಾಂಡ್ ಪೇಪರಲ್ಲಿ ಹೊಳೆಯೋ ತನಕ ಉಜ್ಜಿ, ಒಂದಕ್ಕೆ ದಾರ ಕಟ್ಟಿ ಉಳಿದ ನೀಲಿ ದ್ರಾವಣದಲ್ಲಿ ಇಳಿಬಿಡಿ, ಇನ್ನೊಂದು ಹೋಲಿಸೋಕೆ ಪಕ್ಕಕ್ಕಿರಲಿ. 20-30 ನಿಮಿಷ ಬಿಟ್ಟು ಎತ್ತಿದ್ರೆ ಮೊಳೆ ಮೇಲೆ ಕೆಂಪು ಕಂದು ಪದರ, ಅದು ತಾಮ್ರ. ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರನ ಆಚೆ ತಳ್ಳಿದೆ, ಹೊಸ ವಸ್ತು ಆಯ್ತು, ಅಂದ್ರೆ ಇದೂ ರಾಸಾಯನಿಕ ಬದಲಾವಣೆ. ದ್ರಾವಣ ತಿಳಿ ಹಸಿರಾಯ್ತು ಅಂತ ಎಲ್ಲರೂ ರೆಕಾರ್ಡ್ ಬುಕ್ಕಲ್ಲಿ ಬರೀತಾರೆ, ಗಾಢ ನೀಲಿ ಇದ್ರೆ ಅರ್ಧ ಗಂಟೆಲಿ ಅಷ್ಟೆಲ್ಲ ಕಾಣಲ್ಲ, ಕಂಡಿದ್ದನ್ನೇ ಬರೀರಿ.

ಮಲೆನಾಡಿನ ಅಡಿಕೆ ತೋಟದವರಿಗೆ ಇದು ಹೊಸದೇನಲ್ಲ. ಕೊಳೆರೋಗಕ್ಕೆ ಹೊಡೆಯೋ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ನೋಡೋಕೆ ಉಜ್ಜಿದ ಚಾಕು ಅಥವಾ ಕತ್ತಿ ಅದ್ದಿ ತೆಗೀತಾರೆ, ಕೆಂಪು ಹತ್ತಿದ್ರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಅಂತ ಲೆಕ್ಕ. ಇದೂ ಅದೇ ಮೊಳೆ ಪ್ರಯೋಗವೇ.

ಮುಗಿದ ಮೇಲೆ ಉಳಿದ ನೀಲಿ ನೀರನ್ನ ಸಿಂಕಿಗೋ ಹಳ್ಳಕ್ಕೋ ಚೆಲ್ಲಬೇಡಿ, ಮೀನಿಗೆ ವಿಷ. ಬಾಟಲಿಗೆ ಹಾಕಿ ಲೇಬಲ್ ಹಚ್ಚಿಟ್ರೆ ಮುಂದಿನ ಬ್ಯಾಚಿನವರ ಮೊಳೆಗೆ ಆಗುತ್ತೆ.