ಚಾಡಿ ಹೇಳುವ ಚಾಂಟರ್: ನನ್ನ ಅನುಭವ

"ಎಲೆಕ್ಟ್ರಾನಿಕ್ ಚಾಂಟರ್ ಹಿಡಿದವನ ಬೆರಳು ಕೆಟ್ಟ ಹಾಗೇ ಲೆಕ್ಕ" ಅಂತ ನಮ್ಮ ಬ್ಯಾಗ್‌ಪೈಪ್ ಬ್ಯಾಂಡಿನ ಮುಖ್ಯಸ್ಥರಾದ ಪೈಪ್ ಮೇಜರ್ ಹೇಳುತ್ತಲೇ ಬಂದಿದ್ದರು. (ಚಾಂಟರ್ ಅಂದರೆ ಬ್ಯಾಗ್‌ಪೈಪಿನಲ್ಲಿ ಬೆರಳಾಡಿಸಿ ಸ್ವರ ತೆಗೆಯುವ ರಂಧ್ರಗಳ ಕೊಳವೆ.) ಅವರ ಮಾತು ಸುಳ್ಳೇನಲ್ಲ. ನಾನು ಮಾಡಿದ ಮೊದಲ ಮೂರೂ ಬೆರಳು ಕೆಡಿಸುವಂಥವೇ. ನಾಲ್ಕನೆಯದು ಹಾಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಾಕೆ ಬೇಕಿತ್ತು ಅನ್ನುವುದನ್ನು ಪೈಪ್ ನುಡಿಸುವವರಿಗೆ ಹೇಳಬೇಕಿಲ್ಲ. ಪೈಪ್ ನೂರು ಡೆಸಿಬಲ್ ದಾಟುತ್ತದೆ, ರಾತ್ರಿ ಹತ್ತರ ಮೇಲೆ ಮುಟ್ಟುವಂತಿಲ್ಲ. ಚೀಲವಿಲ್ಲದೆ ಬಾಯಿಂದಲೇ ಊದುವ ಪ್ರಾಕ್ಟೀಸ್ ಚಾಂಟರ್ ಅರ್ಧ ಗಂಟೆಯಲ್ಲಿ ರೀಡ್ (ದನಿ ಹೊರಡಿಸುವ ಪಟ್ಟಿ) ಒದ್ದೆಯಾಗಿ ಗೊಗ್ಗರು ದನಿ ತೆಗೆಯುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ಚಾಂಟರುಗಳಾದ ಡೆಗರ್‌ಪೈಪ್, ಟೆಕ್ನೋಪೈಪ್ ಎರಡನ್ನೂ ಗೆಳೆಯರಿಂದ ಎರವಲು ತಂದು ನುಡಿಸಿದ್ದೇನೆ, ಚೆನ್ನಾಗಿವೆ. ಆದರೆ ಅಷ್ಟು ದುಡ್ಡಿಗೆ ಒಳ್ಳೆಯ ಪ್ರಾಕ್ಟೀಸ್ ಚಾಂಟರುಗಳೇ ನಾಲ್ಕೈದು ಬರುತ್ತವೆ. ಮೇಲಾಗಿ ಬೆಸುಗೆ ಕಡ್ಡಿ ಮನೆಯಲ್ಲಿರುವವನಿಗೆ ಕೈ ಸುಮ್ಮನಿರುವುದಿಲ್ಲ.

ಮೊದಲನೆಯದಕ್ಕೆ ರಂಧ್ರಕ್ಕೊಂದರಂತೆ ಎಂಟು ಎಲ್‌ಡಿಆರ್ (ಬೆಳಕು ಬಿದ್ದರೆ ರಂಧ್ರ ತೆರೆದಿದೆ ಅಂತ ತಿಳಿಸುವ ಸೆನ್ಸರ್) ಕೂರಿಸಿದೆ. ಹಗಲು ಕಿಟಕಿ ಪಕ್ಕ ಸೊಗಸಾಗಿ ನುಡಿಯಿತು. ಸಂಜೆ ದೀಪ ಹಾಕಿದರೆ ಹಿಂದಿನ ಹೆಬ್ಬೆರಳ ರಂಧ್ರ ಯಾವಾಗಲೂ ನೆರಳಲ್ಲೇ. ಎಲ್ಲಕ್ಕಿಂತ ಮೇಲಿನ ಸ್ವರವಾದ ಹೈ ಎ ಮಾಯ! ಎರಡೇ ದಿನಕ್ಕೆ ಅದು ಡ್ರಾಯರ್ ಸೇರಿತು.

ಎರಡನೆಯದಕ್ಕೆ ತಾಮ್ರದ ಟೇಪು, ಎಂಪಿಆರ್121 ಚಿಪ್ಪು. ಹನ್ನೆರಡು ಸ್ಪರ್ಶಬಿಂದು ಓದುತ್ತದೆ, ನನಗೆ ಬೇಕಿದ್ದದ್ದು ಎಂಟು. ಸ್ವರಗಳೆಲ್ಲ ಬಂದವು, ಗ್ರೇಸ್‌ನೋಟ್ (ಸ್ವರಗಳ ನಡುವೆ ಚಕ್ಕನೆ ಬಂದುಹೋಗುವ ಅಲಂಕಾರದ ಸ್ವರ) ಮಾತ್ರ ಒಂದು ಬಂದರೆ ಮೂರು ನಾಪತ್ತೆ. ನನ್ನ ಬೆರಳೇ ಸೋಮಾರಿಯಾಗಿದೆ ಅಂದುಕೊಂಡು ಎರಡು ವಾರ ಜಿ ಗ್ರೇಸ್‌ನೋಟನ್ನೇ ತಿಕ್ಕಿದೆ. ಕೊನೆಗೆ ಚಿಪ್ಪಿನ ಡೇಟಾಶೀಟ್ ಓದಿದರೆ ವಿಷಯ ಅಲ್ಲಿತ್ತು. ರಿಜಿಸ್ಟರ್ (ಚಿಪ್ಪಿನೊಳಗಿನ ಸೆಟ್ಟಿಂಗು) ಮುಟ್ಟದೆ ಬಿಟ್ಟರೆ ಅದು 16 ಮಿಲಿಸೆಕೆಂಡಿಗೊಮ್ಮೆ ನೋಡುತ್ತದೆ, ನಾಲ್ಕು ಸಲ ನೋಡಿದ ಮೇಲೇ ನಂಬುತ್ತದೆ. ಅಂದರೆ 64. ನನ್ನ ಗ್ರೇಸ್‌ನೋಟ್ ಇರುವುದೇ ಮೂವತ್ತು ನಲವತ್ತು ಮಿಲಿಸೆಕೆಂಡು. ನೋಡುವ ಅಂತರವನ್ನು 1 ಮಿಲಿಸೆಕೆಂಡಿಗೆ ಇಳಿಸಿದೆ, ಅರ್ಧ ಗಂಟೆಯ ಕೆಲಸ. ಆ ಹೊತ್ತಿಗೆ ಬೆವರಿಗೆ ಟೇಪು ಹಸಿರು ತಿರುಗಿತ್ತು.

ಮೂರನೆಯದಕ್ಕೆ ಅಗಲವಾದ ಹಿತ್ತಾಳೆ ಬಿಲ್ಲೆ ಹಾಕಿದೆ. ಅದರಲ್ಲಿ ಬರ್ಲ್ ಅನ್ನುವ ಕಿರುಬೆರಳಿನ ಅಲಂಕಾರ ಕೈಕೊಟ್ಟಿತು. ಕಿರುಬೆರಳು ಕೆಳಗೆ ಜಾರಿ ಮೇಲೆ ಬರುವಾಗ ಎರಡು ಸಲ ಲೋ ಜಿ (ಎಲ್ಲ ರಂಧ್ರ ಮುಚ್ಚಿದಾಗಿನ ಸ್ವರ) ತಟ್ಟಬೇಕು, ನಡುವೆ ಲೋ ಎ (ಕಿರುಬೆರಳು ಎತ್ತಿದಾಗಿನ ಸ್ವರ) ಕೇಳಬೇಕು. ಅಗಲ ಬಿಲ್ಲೆಯ ಮೇಲೆ ಬೆರಳು ಎಲ್ಲಿ ಜಾರಿದರೂ ಮುಟ್ಟಿದ ಹಾಗೇ, ಹಾಗಾಗಿ ಒಂದೇ ಉದ್ದನೆ ಲೋ ಜಿ. ಬಿಲ್ಲೆ ಕಿತ್ತು ಗುಂಡುತಲೆಯ ಸಣ್ಣ ಹಿತ್ತಾಳೆ ಸ್ಕ್ರೂ ಹಾಕಿದೆ, ಬರ್ಲ್ ತಟಕ್ಕನೆ ಬಂತು. ಗೋಡೆಯ ಚಾರ್ಜರ್ ಸಿಕ್ಕಿಸಿದರೆ ಮುಟ್ಟದ ಬೆರಳನ್ನೂ ಮುಟ್ಟಿದೆ ಅನ್ನುತ್ತಿತ್ತು. ಬ್ಯಾಟರಿಗೆ ಹಾಕಿದ ಮೇಲೆ ಆ ಕಾಟ ತಪ್ಪಿತು.

ಪೈಪ್ ಮೇಜರ್ ಕೈಗೆ ಕೊಟ್ಟೆ. ಒಂದು ಸ್ಟ್ರಾತ್‌ಸ್ಪೇ (ಸ್ಕಾಟಿಷ್ ಕುಣಿತದ ಧಾಟಿ) ನುಡಿಸಿದರು, ಆಮೇಲೆ ಬೇಕೆಂದೇ ಬೆರಳು ಕೆಡಿಸಿಕೊಂಡು ಇನ್ನೊಮ್ಮೆ ನುಡಿಸಿದರು. ಎರಡೂ ಒಂದೇ ಥರ ಶುದ್ಧ. "ನೋಡಪ್ಪಾ, ಇದು ನಿನ್ನ ತಪ್ಪನ್ನ ಮುಚ್ಚಿಹಾಕ್ತದೆ" ಅಂದರು. ಮುಖಕ್ಕೆ ಹೊಡೆದಂತಾಯಿತು.

ತಪ್ಪು ಪ್ರೋಗ್ರಾಮಿನಲ್ಲಿತ್ತು. ಎಂಟು ರಂಧ್ರಕ್ಕೆ 256 ಜೋಡಣೆ. ನಾನು ಬರೆದಿದ್ದು ಒಂಬತ್ತು ಸ್ವರದ ಸರಿಯಾದ ಬೆರಳು ಮಾತ್ರ. ಮಿಕ್ಕದ್ದೇನು ಬಂದರೂ ಹಿಂದಿನ ಸ್ವರವನ್ನೇ ಎಳೆಯುತ್ತಿತ್ತು. ಡಿ ಸ್ವರದಿಂದ ಇ ಸ್ವರಕ್ಕೆ ಹೋಗುವಾಗ ಕೆಳಗಿನ ಕೈ ಮೊದಲು ಮುಚ್ಚಿ ಮೇಲಿನ ಉಂಗುರಬೆರಳು ತಡವಾಗಿ ಎದ್ದರೆ, ನಿಜವಾದ ಚಾಂಟರಿನಲ್ಲಿ ನಡುವೆ ಕೊಳಕಾದ ಲೋ ಎ ಕೇಳುತ್ತದೆ. ನನ್ನದರಲ್ಲಿ ಅದು ಕೇಳುತ್ತಲೇ ಇರಲಿಲ್ಲ.

ಹಾಗಾಗಿ ನಾಲ್ಕನೆಯದಕ್ಕೆ 256 ಸಾಲೂ ತುಂಬಿಸಿದೆ. ಮೇಲಿನಿಂದ ನೋಡುತ್ತ ಬಂದರೆ ಮೊದಲು ತೆರೆದಿರುವ ರಂಧ್ರವೇ ಬಹುಪಾಲು ಸ್ವರ ನಿರ್ಧರಿಸುತ್ತದೆ. ಆಮೇಲೆ ನಿಜ ಚಾಂಟರಿನಲ್ಲಿ ಒಂದೊಂದೇ ತಪ್ಪು ಬೆರಳು ಹಾಕಿ ಊದಿ, ಕೇಳಿ, ಶ್ರುತಿಯ ತಿದ್ದುಪಡಿ ಬರೆದುಕೊಂಡೆ. ಸುಮಾರು ಒಂದು ತಿಂಗಳು ಹಿಡಿಯಿತು, ಮನೆಯವರ ಸಹನೆಯೂ ಅಷ್ಟೇ ಖರ್ಚಾಯಿತು. ಬೆರಳು ಏಳುವಾಗ ಚಿಪ್ಪು ಓದಿದ ಯಾವ ಅಂಕಿಗೆ ಬಿಡಬೇಕು, ಇಳಿಯುವಾಗ ಯಾವ ಅಂಕಿಗೆ ಹಿಡಿಯಬೇಕು ಅನ್ನುವ ಎರಡು ಸಂಖ್ಯೆಗಳಿವೆ. ಅವನ್ನು ಮಾತ್ರ ಕೇಳಬೇಡಿ. ಎರಡೂ ಒಂದೇ ಇರಬಾರದು ಅನ್ನುವಷ್ಟು ಹೇಳುತ್ತೇನೆ.

ಶ್ರುತಿ: ಲೋ ಎ 480 ಹರ್ಟ್ಸ್‌ಗೆ ಇಟ್ಟು ಬ್ಯಾಂಡಿಗೆ ತಕ್ಕಂತೆ ಸರಿಸಲು ತಿರುಗಿಸುವ ಒಂದು ಗುಂಡಿ ಹಾಕಿದೆ. ಒಂದೇ ಸ್ವರ ಎಳೆಯುವ ಡ್ರೋನ್ ಕೊಳವೆಗಳಲ್ಲಿ ಟೆನರ್ 240, ಬಾಸ್ 120. ಕೀಬೋರ್ಡಿನ ಸ್ವರ ಹಾಕಿದರೆ ಡ್ರೋನ್ ಜೊತೆ ಕಚ್ಚಾಡುತ್ತದೆ. ಲೋ ಎ ಕಂಪನದ ಲೆಕ್ಕಕ್ಕೆ ಸಿ 5/4 ಪಟ್ಟು, ಎಫ್ 5/3, ಹೈ ಜಿ 7/4 ಇಟ್ಟೆ. ಈ ಹೈ ಜಿ ಕೀಬೋರ್ಡಿನದಕ್ಕಿಂತ 31 ಸೆಂಟ್ (ಅರ್ಧ ಸ್ವರದ ನೂರನೇ ಭಾಗ ಒಂದು ಸೆಂಟ್) ಕೆಳಗೆ. ಮಿಡಿಯಲ್ಲಿ (ಎಲೆಕ್ಟ್ರಾನಿಕ್ ವಾದ್ಯಗಳು ಸ್ವರದ ಆದೇಶ ಕಳಿಸುವ ಭಾಷೆ) ಶ್ರುತಿ ಸರಿಸುವ ಪಿಚ್ ಬೆಂಡ್ ಕಳಿಸಿ ಇದನ್ನು ಮಾಡಿದೆ. ಮೊದಲು ಸ್ವರ, ಆಮೇಲೆ ಬೆಂಡ್ ಕಳಿಸುತ್ತಿದ್ದಾಗ ಪ್ರತಿ ಹೈ ಜಿಯೂ ಗಮಕ ಹಾಕಿಕೊಂಡು ಬರುತ್ತಿತ್ತು. ಕೇಳಲು ಮಜಾ ಇತ್ತು, ಮಾರ್ಚಿಗೆ ಆಗದು. ಕ್ರಮ ತಿರುಗಿಸಿದೆ.

ನಡುವೆ ಪೈಪಿನ ಗಾಳಿಚೀಲಕ್ಕೆ ಒತ್ತಡದ ಸೆನ್ಸರ್ ಹಾಕುವ ಹುಚ್ಚೂ ಹತ್ತಿತ್ತು. 10 ಕಿಲೋಪ್ಯಾಸ್ಕಲ್‌ವರೆಗಿನ ಎಂಪಿಎಕ್ಸ್5010. ನನ್ನ ಊದು ಏಳರ ಆಸುಪಾಸು ನಿಲ್ಲಬೇಕು, ತೋಳು ನಡುಗಿದ್ದೆಲ್ಲ ಗ್ರಾಫಿನಲ್ಲಿ ಕಾಣುತ್ತಿತ್ತು. ಮೂರನೇ ವಾರ ಉಸಿರಿನ ತೇವ ಒಳಗಿಳಿದು ಸೆನ್ಸರ್ ಸತ್ತಿತು. ಇನ್ನೊಂದು ತರಲಿಲ್ಲ, ಯಾಕೆಂದರೆ ಇಡೀ ಚಾಂಟರಿನಲ್ಲಿ ದುಬಾರಿ ಭಾಗ ಅದೇ ಆಗಿತ್ತು.

ದುಡ್ಡಿನ ಮಾತು: ನಾಲ್ಕನೆಯದಕ್ಕೆ ಹತ್ತಿದ್ದು ಒಂದು ಸಾಧಾರಣ ಪ್ರಾಕ್ಟೀಸ್ ಚಾಂಟರಿನ ಬೆಲೆಗಿಂತ ತುಸು ಕಮ್ಮಿ. ಕೆಟ್ಟ ಮೂರು, ಸತ್ತ ಸೆನ್ಸರ್ ಸೇರಿಸಿದರೆ ಅದರ ಮೂರರಷ್ಟು. ಆದರೂ ಕೊಳ್ಳುವುದಕ್ಕಿಂತ ಅಗ್ಗ ಅಂತ ಮನೆಯಲ್ಲಿ ವಾದಿಸಿದ್ದೇನೆ. ಹಾಕಿದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೊನ್ನೆ ಅಭ್ಯಾಸದ ದಿನ ನಾಲ್ಕನೆಯದನ್ನು ಪೈಪ್ ಮೇಜರ್ ಮುಂದಿಟ್ಟೆ. ಅದೇ ಸ್ಟ್ರಾತ್‌ಸ್ಪೇ. ಎರಡನೇ ಸಾಲಿನಲ್ಲಿ ಡಿಯಿಂದ ಇಗೆ ಏರುವಾಗ ಚಾಂಟರು ಕಿರ್ ಅಂದಿತು. ಮತ್ತೆ ನುಡಿಸಿದರು, ಮತ್ತೆ ಅಲ್ಲೇ ಕಿರ್. "ಒಳಗೆಲ್ಲೋ ವೈರ್ ಸಡಿಲ ಆಗಿದೆ ನೋಡು" ಅಂದರು. ಬಿಚ್ಚಿ ನೋಡಿದ ಹಾಗೆ ಮಾಡಿ, ಮುಚ್ಚಿ, "ಈಗ ಸರಿಹೋಯ್ತು ಸಾರ್" ಅಂದೆ. ವೈರ್ ಯಾವುದೂ ಸಡಿಲ ಆಗಿರಲಿಲ್ಲ. ಅವರು ಅಲ್ಲೇ ಕೂತು ಆ ಎರಡು ಸ್ವರವನ್ನೇ ಇಪ್ಪತ್ತು ಸಲವಾದರೂ ನಿಧಾನಕ್ಕೆ ನುಡಿಸಿದರು. "ಒಂದು ವಾರ ಇರಲಿ ನನ್ನ ಹತ್ರ" ಅಂತ ಚೀಲಕ್ಕೆ ಹಾಕಿಕೊಂಡರು. ಮೂರು ವಾರವಾಯಿತು. ಐದನೆಯದಕ್ಕೆ ಸ್ಕ್ರೂ ತರಿಸಿದ್ದೇನೆ.