ಅವರ ನಷ್ಟ ಅವರ ಪುಸ್ತಕದಲ್ಲೇ: ಬ್ಯಾಂಕ್ ವಿಲೀನದ ಲೆಕ್ಕ ನಾನು ಮುಗಿಸಿದ್ದು ಹೀಗೆ

ಆಡಿಟ್ ಮುಗಿಯಿತು. ವಿಲೀನದ ಲೆಕ್ಕದ ಮೇಲೆ ಆಡಿಟರ್ ಒಂದು ಷರಾವನ್ನೂ ಬರೆಯಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ 'ತಡಿ ಮಾರಾಯ, ಆಡಿಟ್ ಬರಲಿ' ಅಂತ ನಗೋದಕ್ಕೆ ನಮ್ಮ ಕಚೇರಿಯಲ್ಲೇ ನಾಲ್ಕು ಜನ ಕಾದಿದ್ದರು.

ನಮ್ಮದು ಜಿಲ್ಲಾ ಕೇಂದ್ರದ ಒಂದು ಪಟ್ಟಣ ಸಹಕಾರಿ ಬ್ಯಾಂಕು. ನಾನು ಲೆಕ್ಕಪತ್ರ ವಿಭಾಗದವನು. ಪಕ್ಕದ ತಾಲ್ಲೂಕಿನ 5 ಶಾಖೆಗಳ ಚಿಕ್ಕ ಬ್ಯಾಂಕೊಂದು ನಮ್ಮೊಳಗೆ ಸೇರಿತು. ಅವರ ಠೇವಣಿ ಸುಮಾರು 60 ಕೋಟಿ, ಸಾಲ 38 ಕೋಟಿ. ಎರಡೂ ಬ್ಯಾಂಕಿನ ಹೆಸರು ಹೇಳುವುದಿಲ್ಲ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಹತ್ತಿಪ್ಪತ್ತು ಸಾವಿರ ಆಚೀಚೆ ಇರಬಹುದು.

ನಮ್ಮ ಕಡೆ ಎಲ್ಲರಿಗೂ ಒಂದೇ ಯೋಚನೆ ಇತ್ತು. ಅವರ ಬ್ಯಾಲೆನ್ಸ್ ಶೀಟ್ ಹೇಗಿದೆಯೋ ಹಾಗೇ ತಂದು ನಮ್ಮದಕ್ಕೆ ಕೂಡಿಸುವುದು. ಆಮೇಲೆ ಒಂದೊಂದೇ ಹುಳುಕು ಸಿಕ್ಕ ಹಾಗೆ ಸರಿ ಮಾಡುವುದು. ಹೊಂದದೆ ಉಳಿದದ್ದನ್ನು ಗುಡ್‌ವಿಲ್, ಅಂದರೆ ಬಂದ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ, ಅಂತ ಬರೆಯುವುದು. ಸಾಫ್ಟ್‌ವೇರ್ ಕಂಪನಿಯವರು ಇನ್ನೂ ಒಂದು ಹೆಜ್ಜೆ ಮುಂದೆ. 'ಒಂದು ಸಸ್ಪೆನ್ಸ್ ಖಾತೆ ತೆರೀತೀವಿ ಸಾರ್, ಹೊಂದದೇ ಇರೋದೆಲ್ಲ ಅದಕ್ಕೆ ಹಾಕಿ, ಆರು ತಿಂಗಳಲ್ಲಿ ನಿಧಾನಕ್ಕೆ ತೆಗೀರಿ' ಅಂದರು. ಸಸ್ಪೆನ್ಸ್ ಖಾತೆಯಲ್ಲಿ ಬಿದ್ದದ್ದು ನಿಧಾನಕ್ಕೆ ಹೊರಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಹೇಳಿದ್ದು ಉಲ್ಟಾ. ವಿಲೀನಕ್ಕೆ ಮೊದಲೇ, ಅವರ ಪುಸ್ತಕದಲ್ಲೇ, ನಮ್ಮ ನೀತಿಯಂತೆ ಎಲ್ಲ ಲೆಕ್ಕವನ್ನೂ ತಿರುಗಿ ಬರೆಯಿಸಬೇಕು. ಎಷ್ಟು ನಷ್ಟ ಇದೆಯೋ ಅದು ಅಲ್ಲೇ ಸುಡಲಿ. ಉಳಿದದ್ದನ್ನು ಮಾತ್ರ ಒಳಗೆ ತರೋಣ. 'ಸತ್ತು ಹೋಗುವ ಬ್ಯಾಂಕಿನ ಪುಸ್ತಕ ತಿದ್ದೋದಕ್ಕೆ ಮೂರು ತಿಂಗಳು ಯಾಕೆ?' ಅಂತ ನಮ್ಮ ಜನರಲ್ ಮ್ಯಾನೇಜರ್ ಕೇಳಿದರು. ಅವರ ಕಡೆಯ ನಿರ್ದೇಶಕರೂ ಒಪ್ಪಲಿಲ್ಲ. ಕೊನೆಯ ಬ್ಯಾಲೆನ್ಸ್ ಶೀಟಿನಲ್ಲಿ ನಷ್ಟ ಕಂಡರೆ ಊರಲ್ಲಿ ಮಾನ ಹೋಗುತ್ತೆ ಅಂತ.

ಲೆಕ್ಕದ ಕಾರಣ ಇಷ್ಟೆ. ಎಎಸ್ 14 ಅಂದರೆ ವಿಲೀನದ ಲೆಕ್ಕ ಹೇಗೆ ಬರೆಯಬೇಕು ಅಂತ ಹೇಳುವ ಲೆಕ್ಕಪತ್ರ ಮಾನದಂಡ. ಒಂದು ಸೇರ್ಪಡೆಯನ್ನು ಖರೀದಿ ಅಲ್ಲ, ವಿಲೀನ ಅನ್ನುವುದಕ್ಕೆ ಅದರಲ್ಲಿ ಐದು ಷರತ್ತು ಇವೆ. ಅದರಲ್ಲಿ ಕೊನೆಯದು ಎಲ್ಲರೂ ಮರೆಯುವಂಥದ್ದು. ನೀತಿ ಒಂದೇ ಮಾಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಪುಸ್ತಕದ ಬೆಲೆ ಮುಟ್ಟಬಾರದು. ತಂದಮೇಲೆ ನಮ್ಮ ಪುಸ್ತಕದಲ್ಲಿ ಕತ್ತರಿಸುತ್ತಾ ಕೂತರೆ ಆಡಿಟರ್ ಕೇಳುವ ಮೊದಲ ಪ್ರಶ್ನೆ, ಇದು ವಿಲೀನವೋ ಖರೀದಿಯೋ? ಖರೀದಿ ಅಂದರೆ ಗುಡ್‌ವಿಲ್ ಹುಟ್ಟುತ್ತದೆ. ಗುಡ್‌ವಿಲ್ ಟಿಯರ್ 1 ಬಂಡವಾಳದಿಂದ, ಅಂದರೆ ಬ್ಯಾಂಕಿನ ಮೂಲ ಬಂಡವಾಳದಿಂದ, ಕಳೆದುಹೋಗುತ್ತದೆ. ಜೊತೆಗೆ ಐದು ವರ್ಷ ಲಾಭದಿಂದ ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳುತ್ತಿರಬೇಕು.

ಇನ್ನೊಂದು ಕಾರಣ ದುಡ್ಡು. ನಷ್ಟ ಮೊದಲೇ ಕಂಡರೆ ಅವರ ಸದಸ್ಯರಿಗೆ ನಾವು ಕೊಡಬೇಕಾದ ಷೇರು ಕಡಿಮೆ. ಅದನ್ನು ಬೋರ್ಡಿಗೆ ತಿಳಿಸುವುದಕ್ಕೆ ನಾನು ನಮ್ಮದೇ ಕರಾವಳಿಯ ಉದಾಹರಣೆ ತೆಗೆದೆ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿದಾಗ 1000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಕೊಟ್ಟರು. ಆಗ ಎರಡರ ಮುಖಬೆಲೆಯೂ 10 ರೂಪಾಯಿ ಇತ್ತು. ಅಂದರೆ 10,000 ರೂಪಾಯಿ ಬಂಡವಾಳ ಹೋಗಿ 1,580 ಬಂತು. ಉಳಿದ 8,420 ಮೀಸಲಿಗೆ ಹೋಗುತ್ತದೆ. ಅದರ ಹಿಂದಿನ ವರ್ಷ ವಿಜಯಾ ಬ್ಯಾಂಕಿನ 1000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402. ಬರೋಡಾ ಷೇರಿನ ಮುಖಬೆಲೆ 2 ರೂಪಾಯಿ, ವಿಜಯಾದ್ದು 10. ಆಗ ಬಂಡವಾಳ ಬರೀ 804. ಈ ಲೆಕ್ಕ ಹಲಗೆ ಮೇಲೆ ಬರೆದಾಗ ನಿರ್ದೇಶಕರೊಬ್ಬರು ಎದ್ದು ಕೂತರು. ಮನೆಯಲ್ಲಿ ಅವರ ಹೆಂಡತಿ ಹೆಸರಲ್ಲಿ ವಿಜಯಾ ಷೇರು ಇತ್ತಂತೆ. ಹತ್ತು ನಿಮಿಷ ಆ ದುಃಖವೇ ಆಯಿತು.

ಇನ್ನೊಬ್ಬರು ಕೇಳಿದರು: 'ಲಕ್ಷ್ಮೀ ವಿಲಾಸ್ ಬ್ಯಾಂಕಿಗೆ ಮಾಡಿದ ಹಾಗೆ ಇವರ ಷೇರೂ ಸೊನ್ನೆ ಮಾಡಿಬಿಟ್ಟರೆ?' 2020ರ ನವೆಂಬರಿನಲ್ಲಿ ಅದು ಡಿಬಿಎಸ್‌ಗೆ ಹೋದಾಗ ಷೇರು ಬಂಡವಾಳ ಪೂರ್ತಿ ಅಳಿಸಿದ್ದು ನಿಜ. ಆದರೆ ಅದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ನೇ ಕಲಂ, ಸರ್ಕಾರವೇ ಮಾಡಿದ್ದು. ನಮ್ಮದು 44ಎ, ಒಪ್ಪಿ ಆಗುವ ಮದುವೆ. 2020ರ ತಿದ್ದುಪಡಿ ಆದಮೇಲೆ ಸಹಕಾರಿ ಬ್ಯಾಂಕಿಗೂ ಇದೇ ದಾರಿ. ಅವರ ಸದಸ್ಯರೂ ಬಂದು ಮತ ಹಾಕಬೇಕು, ಷೇರಿನ ಬೆಲೆಯಲ್ಲಿ ಮೂರನೇ ಎರಡು ಪಾಲು ಹೂಂ ಅನ್ನಬೇಕು.

ಈಗ ಅಸಲಿ ಅಂಕಿ. ಅವರು ತೋರಿಸಿದ ನಿವ್ವಳ ಮೌಲ್ಯ 4 ಕೋಟಿ. ಷೇರು ಬಂಡವಾಳ 2.6, ಮೀಸಲು 1.4. ಮೊದಲ ಮೌಲ್ಯಮಾಪಕರು ಇದನ್ನೇ ನಂಬಿ ಒಂದಕ್ಕೊಂದು ಷೇರು ಕೊಡಿ ಅಂತ ಬರೆದಿದ್ದರು. ಅವರಿಗೆ ನಾವು ಕೊಟ್ಟ ಫೀ ಒಂದೂವರೆ ಲಕ್ಷದ ಹತ್ತಿರ. ಅವರು ಸಾಲದ ಒಂದು ಕಡತವನ್ನೂ ಬಿಚ್ಚಿರಲಿಲ್ಲ.

ನಾನು ಮತ್ತು ಇಬ್ಬರು ಹುಡುಗರು ಕಡತ ಬಿಚ್ಚಿದೆವು. ಎನ್‌ಪಿಎ, ಅಂದರೆ ಕಂತು ಬಡ್ಡಿ ಬರದೆ ಕೆಟ್ಟ ಸಾಲ, ಶೇ 9 ಅಂತ ಹೇಳಿದ್ದು ಶೇ 17 ಆಯಿತು. ಅದರಿಂದ ಹೆಚ್ಚುವರಿ ಪ್ರಾವಿಷನ್, ಅಂದರೆ ನಷ್ಟಕ್ಕೆ ಅಂತ ಎತ್ತಿಡುವ ಹಣ, ಸುಮಾರು 1.6 ಕೋಟಿ. ಬರದೇ ಇದ್ದ ಬಡ್ಡಿಯನ್ನು ಆದಾಯ ಅಂತ ಬರೆದುಕೊಂಡಿದ್ದು 35 ಲಕ್ಷ. ಗ್ರಾಚ್ಯುಟಿ ಮತ್ತು ರಜೆ ಸಂಬಳಕ್ಕೆ ಕಡಿಮೆ ಇಟ್ಟಿದ್ದು 40 ಲಕ್ಷ. ಸರ್ಕಾರಿ ಬಾಂಡೆಲ್ಲವನ್ನೂ ಎಚ್‌ಟಿಎಂನಲ್ಲಿ, ಅಂದರೆ ಅವಧಿ ಮುಗಿಯುವವರೆಗೆ ಮಾರದೆ ಇಟ್ಟುಕೊಳ್ಳುವ ಗುಂಪಿನಲ್ಲಿ, ಕೂರಿಸಿ ಬೆಲೆ ಇಳಿದದ್ದು ಕಾಣದ ಹಾಗೆ ಮಾಡಿದ್ದರು. ನಮ್ಮ ನೀತಿಗೆ ತಂದಾಗ 30 ಲಕ್ಷ ಹೋಯಿತು. ಚಿಲ್ಲರೆ 5 ಲಕ್ಷ. ಒಟ್ಟು 2.7 ಕೋಟಿ.

4ರಲ್ಲಿ 2.7 ಹೋದರೆ 1.3. ಷೇರು ಬಂಡವಾಳ 2.6, ಅದರ ಸರಿಯಾಗಿ ಅರ್ಧ. ಹಾಗಾಗಿ ಎರಡನೇ ವರದಿಯಲ್ಲಿ ಅವರ ಎರಡು ಷೇರಿಗೆ ನಮ್ಮದೊಂದು. 1.3 ಕೋಟಿಯ ಷೇರು ಕೊಟ್ಟೆವು. ಬಂಡವಾಳದಲ್ಲಿ ಉಳಿದ 1.3 ಕೋಟಿ ಮೀಸಲಿಗೆ ಹೋಗಿ ಅಲ್ಲಿದ್ದ 1.3 ಕೋಟಿ ನಷ್ಟವನ್ನು ನುಂಗಿತು. ಗುಡ್‌ವಿಲ್ ಸೊನ್ನೆ. ಒಂದಕ್ಕೊಂದು ಕೊಟ್ಟಿದ್ದರೆ ಆ 1.3 ಕೋಟಿ ನಮ್ಮ ಸದಸ್ಯರ ತಲೆಗೆ ಬರುತ್ತಿತ್ತು. ಸಹಕಾರಿ ಷೇರಿಗೆ ಮಾರುಕಟ್ಟೆ ಇಲ್ಲ, ಬಿಟ್ಟು ಹೋಗುವವನು ಮುಖಬೆಲೆಯನ್ನೇ ಕೇಳುತ್ತಾನೆ ಅಲ್ವಾ? ಅಂಕಿ ಇಷ್ಟು ಚೆನ್ನಾಗಿ ಹೊಂದಿದ್ದು ನನ್ನ ಜಾಣತನ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಅರ್ಧ ಅದೃಷ್ಟ.

ನಷ್ಟ ತೆಗೆದುಕೊಳ್ಳುವುದಕ್ಕೆ ಐದು ವರ್ಷದವರೆಗೆ ಹರಡುವ ಅನುಕೂಲವನ್ನು ರಿಸರ್ವ್ ಬ್ಯಾಂಕ್ ಪಟ್ಟಣ ಬ್ಯಾಂಕುಗಳಿಗೆ ಕೊಟ್ಟಿದೆ, ಅದನ್ನು ಯಾಕೆ ಬಿಟ್ಟಿರಿ ಅಂತ ಕೆಲವರು ಕೇಳಿದರು. ಹರಡಬಹುದು. ಆದರೆ ಐದು ವರ್ಷ ಪ್ರತಿ ಮಾರ್ಚ್‌ನಲ್ಲಿ ಅದೇ ಕಥೆ ಹೊಸ ಆಡಿಟರ್‌ಗೆ ಹೇಳುವವನು ನಾನು.

ಕಡತದಲ್ಲಿ ಎನ್‌ಪಿಎ ಕಾಣದ ಹಾಗೆ ಹೊಸ ಸಾಲ ಕೊಟ್ಟು ಹಳೆ ಸಾಲ ಮುಚ್ಚಿದ್ದನ್ನು ಹಿಡಿದದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಮಾರ್ಚ್ ಕೊನೆಯ ವಾರ ನೋಡೋದು ಎಲ್ಲರಿಗೂ ಗೊತ್ತು. ಅದನ್ನು ತಪ್ಪಿಸಿಕೊಳ್ಳೋದೂ ಅವರಿಗೆ ಗೊತ್ತು. ನಾನು ನೋಡಿದ್ದು ಬೇರೆ ಒಂದು ಕಾಲಂ. ಅದು ಯಾವುದು ಅಂತ ಹೇಳೋದಿಲ್ಲ. ಇನ್ನೂ ಒಂದೆರಡು ಬ್ಯಾಂಕಿಗೆ ಹೋಗುವ ಆಸೆ ಇದೆ.

ಈಗ ಪೆಟ್ಟು ತಿಂದದ್ದು.

ಮೊದಲ ಪೆಟ್ಟು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪಿಗ್ಮಿ ಇವತ್ತಿಗೂ ನಮ್ಮ ಕಡೆ ಚಿಕ್ಕ ಬ್ಯಾಂಕುಗಳ ಉಸಿರು. ಒಂದು ಶನಿವಾರ ರಾತ್ರಿ ಅಣಕು ವಿಲೀನ ಮಾಡಿದೆವು. 7 ಲಕ್ಷ ಚಿಲ್ಲರೆ ವ್ಯತ್ಯಾಸ ಬಂತು. ಮೂರು ರಾತ್ರಿ ನಿದ್ದೆ ಇಲ್ಲ. ವಲಸೆ ಕಾರ್ಯಕ್ರಮದಲ್ಲಿ ತಪ್ಪಿದೆ ಅಂತ ಸಾಫ್ಟ್‌ವೇರ್ ಹುಡುಗರ ಮೇಲೆ ಕೂಗಾಡಿದೆ. ತಪ್ಪು ಅವರದ್ದಲ್ಲ. ಅಲ್ಲಿಯ ಏಜೆಂಟರು ಸಂಜೆ ಮೆಷಿನ್ ಅಪ್‌ಲೋಡ್ ಮಾಡುತ್ತಾರೆ, ದುಡ್ಡು ಮಾರನೇ ದಿನ ಕಟ್ಟುತ್ತಾರೆ. ಕೆಲವರು ದುಡ್ಡು ಕಟ್ಟಿ ಮೆಷಿನ್ ಮಾರನೇ ದಿನ ತರುತ್ತಾರೆ. ಮಧ್ಯರಾತ್ರಿಗೆ ಗೆರೆ ಎಳೆದರೆ ಎರಡೂ ಕಡೆ ಸೋರಿಕೆ. ಕೊನೆಗೆ ವಿಲೀನದ ಹಿಂದಿನ ಎರಡು ದಿನ ಪಿಗ್ಮಿಗೆ ರಜೆ ಕೊಟ್ಟೆ. ಏಜೆಂಟರು ಗಲಾಟೆ ಮಾಡಿದರು, ಕಮಿಷನ್ ಹೋಯಿತಲ್ಲ. ಸರಾಸರಿ ಕಮಿಷನ್ ಕೊಟ್ಟು ಸಮಾಧಾನ ಮಾಡಿದೆವು. ಖರ್ಚು 30 ಸಾವಿರದ ಒಳಗೆ. ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಖರ್ಚು ಬೇರೆ ಮಾಡಿಲ್ಲ.

ಎರಡನೆಯದು ದಿನಾಂಕ. ಏಪ್ರಿಲ್ 1 ಸಿಗುತ್ತದೆ ಅಂತ ಇಡೀ ಯೋಜನೆ ಅದಕ್ಕೇ ಕಟ್ಟಿದ್ದೆ. ದೊಡ್ಡವರಿಗೆಲ್ಲ ಏಪ್ರಿಲ್ 1. ನಮಗೆ ಮಂಜೂರಾತಿ ಬಂದದ್ದು ವರ್ಷದ ಮಧ್ಯದಲ್ಲಿ, ತಿಂಗಳ ಮಧ್ಯದ ಒಂದು ಸೋಮವಾರಕ್ಕೆ. ಆ ದಿನಕ್ಕೆ ಬಡ್ಡಿ ಮುರಿದು ಲೆಕ್ಕ ಹಾಕಬೇಕು, ಟಿಡಿಎಸ್ ಅನ್ನು ಎರಡು ಬ್ಯಾಂಕಿನ ಎರಡು ಟ್ಯಾನ್ (ತೆರಿಗೆ ಕಡಿತದ ಖಾತೆ ಸಂಖ್ಯೆ) ನಡುವೆ ಹಂಚಬೇಕು. ಜಿಎಸ್‌ಟಿಯಲ್ಲಿ ಅವರ ಹೂಡುವಳಿ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕಟ್ಟಿ ಇನ್ನೂ ಬಳಸದ ತೆರಿಗೆ, ನಮಗೆ ತರುವುದಕ್ಕೆ ಐಟಿಸಿ 02 ಅರ್ಜಿ ಹಾಕಬೇಕು. ಅವರ ನೋಂದಣಿ ರದ್ದು ಮಾಡುವುದಕ್ಕೆ ಮೊದಲು ಅದು ಆಗಬೇಕು ಅಂತ ನೆನಪಾದದ್ದು ರದ್ದತಿ ಅರ್ಜಿ ಬರೆಯಲು ಕೂತಾಗ. 4 ಲಕ್ಷ ಕೈ ತಪ್ಪುತ್ತಿತ್ತು.

ಮೂರನೆಯದು ನಮ್ಮ ಮನೆಗೇ ಬಿದ್ದ ಪೆಟ್ಟು. ಎರಡೂ ಬ್ಯಾಂಕಿನಲ್ಲಿ ಸಾಲ ಇದ್ದವರನ್ನು ಹುಡುಕಬೇಕಿತ್ತು. ಎನ್‌ಪಿಎ ಸಾಲಗಾರನಿಗೆ ಅಂಟುವುದು, ಖಾತೆಗಲ್ಲ. ಅಲ್ಲಿ ಕೆಟ್ಟಿದ್ದರೆ ನಾಳೆ ಇಲ್ಲಿಯೂ ಕೆಟ್ಟ ಹಾಗೆ. ಪ್ಯಾನ್ ಇಟ್ಟು ಹೋಲಿಸಿದರೆ ಅರ್ಧ ಜನಕ್ಕೆ ಪ್ಯಾನೇ ಇಲ್ಲ. ಮೊಬೈಲ್ ನಂಬರ್ ಹಿಡಿದರೆ ಒಂದೇ ನಂಬರಿನಲ್ಲಿ ಹನ್ನೊಂದು ಜನ, ಅದು ಏಜೆಂಟನ ನಂಬರು. ಹೆಸರು ಹೋಲಿಸಿದರೆ ಶಿವಕುಮಾರನನ್ನು ಇಂಗ್ಲಿಷಿನಲ್ಲಿ ನಾಲ್ಕು ತರ ಬರೆದಿದ್ದಾರೆ. ಎಕ್ಸೆಲ್ ಎರಡು ಸಲ ಕೂತಲ್ಲೇ ಸತ್ತಿತು. ಆಗ ಸುಮ್ನೆ ಒಂದು ಪ್ರಯೋಗ ಮಾಡಿದೆ. ಇಂಗ್ಲಿಷ್ ಹೆಸರುಗಳನ್ನು ಕನ್ನಡ ಲಿಪಿಗೆ ತಿರುಗಿಸಿ, ಗುಣಿತ, ಒತ್ತು, ಇನಿಷಿಯಲ್ ಎಲ್ಲ ಕಿತ್ತುಹಾಕಿ, ಬರೀ ವ್ಯಂಜನ ಉಳಿಸಿ, ಶ, ಷ, ಸ ಮೂರನ್ನೂ ಒಂದೇ ಮಾಡಿ ಹೋಲಿಸಿದೆ. ಜೊತೆಗೆ ಹುಟ್ಟಿದ ವರ್ಷ. ಕಸವೂ ಬಂತು, ಆದರೆ 140ರಷ್ಟು ಜನ ನಿಜವಾಗಿ ಸಿಕ್ಕರು. ಅದರಲ್ಲಿ 23 ಜನ ಅಲ್ಲಿ ಎನ್‌ಪಿಎ, ಇಲ್ಲಿ ಸಾಧು. ಅವರ ಸಾಲಕ್ಕೆ ನಮ್ಮ ಪುಸ್ತಕದಲ್ಲೂ 28 ಲಕ್ಷ ಪ್ರಾವಿಷನ್ ಬಿತ್ತು. 'ಅವರ ಮನೆ ರಿಪೇರಿಗೆ ಹೋಗಿ ನಮ್ಮ ಹೆಂಚು ಒಡೆದೆಯಲ್ಲೋ' ಅಂತ ಜನರಲ್ ಮ್ಯಾನೇಜರ್ ಒಂದು ವಾರ ಮಾತಾಡಲಿಲ್ಲ.

ಎಲ್ಲ ಪ್ರಯೋಗವೂ ಹೀಗೆ ಫಲ ಕೊಡಲಿಲ್ಲ. ಅವರು ಅಧಿಕ ವರ್ಷದಲ್ಲಿ 366 ದಿನ ಇಟ್ಟು ಠೇವಣಿ ಬಡ್ಡಿ ಹಾಕುತ್ತಿದ್ದರು, ನಮ್ಮದು ಯಾವಾಗಲೂ 365. ಏನೋ ದೊಡ್ಡದು ಸಿಗುತ್ತದೆ ಅಂತ ನಾಲ್ಕು ಸಾವಿರ ಚಿಲ್ಲರೆ ಠೇವಣಿಗೆ ಎರಡೂ ರೀತಿ ಲೆಕ್ಕ ಹಾಕಿದೆ. ಎರಡು ವಾರ ಹೋಯಿತು. ವ್ಯತ್ಯಾಸ 11 ಸಾವಿರ ರೂಪಾಯಿ. ಚಿನ್ನದ ಸಾಲದ ಚೀಲಗಳನ್ನೂ ಹತ್ತಕ್ಕೊಂದರಂತೆ ಬಿಚ್ಚಿ ತೂಗಿಸಿದೆ. ತೂಕ ಕಡಿಮೆ ಬಂದಾಗ ಎದೆ ಧಸಕ್ಕೆಂದಿತು. ನೋಡಿದರೆ ಅವರು ಕಲ್ಲು ಸೇರಿಸಿ ತೂಗಿದ್ದಾರೆ, ನಾವು ಕಲ್ಲು ಬಿಟ್ಟು. ಅಕ್ಕಸಾಲಿಗನ ಕೂಲಿ ದಂಡ.

ತೆರಿಗೆಯಲ್ಲಿ ಒಂದು ಮಾತು. ನಮ್ಮ ವಿಲೀನಕ್ಕೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ 72ಎಬಿ ಪ್ರಕಾರ ಅವರ ಹಳೆ ನಷ್ಟವನ್ನು ನಾವು ಬಳಸಿಕೊಳ್ಳಲು ಅವಕಾಶ ಇತ್ತು. ಆದರೆ ಅವರಿಂದ ಬಂದ ಸ್ಥಿರ ಆಸ್ತಿಯಲ್ಲಿ ಮುಕ್ಕಾಲು ಪಾಲನ್ನು ಐದು ವರ್ಷ ಮಾರಬಾರದು ಅಂತ ಷರತ್ತಿತ್ತು. ನಮ್ಮ ಬೋರ್ಡು ಆಗಲೇ ಅವರ ಬಸ್ ಸ್ಟ್ಯಾಂಡ್ ಹತ್ತಿರದ ಕಟ್ಟಡಕ್ಕೆ ಗಿರಾಕಿ ನೋಡಿತ್ತು. ನಿಲ್ಲಿಸಿದೆ. ಆ ಗಿರಾಕಿ ಈಗಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ಠೇವಣಿದಾರರ ಕಡೆ ನಾನು ಗಮನ ಕೊಟ್ಟದ್ದು ಕಡಿಮೆ. ಎರಡೂ ಬ್ಯಾಂಕಿನಲ್ಲಿ ನಾಲ್ಕು ನಾಲ್ಕು ಲಕ್ಷ ಇಟ್ಟವರಿಗೆ ಮೊದಲು ಪೂರ್ತಿ ವಿಮೆ ಇತ್ತು. ಒಂದೇ ಬ್ಯಾಂಕ್ ಆದಮೇಲೆ 8ರಲ್ಲಿ 5 ಲಕ್ಷಕ್ಕೆ ಮಾತ್ರ. ನಮಗಿಂತ ಮೊದಲು ಇದು ಒಬ್ಬ ನಿವೃತ್ತ ಮೇಷ್ಟ್ರಿಗೆ ಹೊಳೆಯಿತು. ಅವರು ಚಹಾ ಅಂಗಡಿಯಲ್ಲಿ ಹೇಳಿದರು. ಮೊದಲ ತಿಂಗಳಲ್ಲಿ ಒಂದೂವರೆ ಕೋಟಿ ಹೊರಗೆ ಹೋಯಿತು. ಸಾಲದ ಕಡೆಗೆ ಮಾಡಿದ ಹೆಸರಿನ ಪಟ್ಟಿಯನ್ನೇ ಠೇವಣಿಗೂ ಓಡಿಸಿ, ಅವರ ಮನೆಗೆ ನಾವೇ ಮೊದಲು ಹೋಗಬಹುದಿತ್ತು. ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಐದು ಶಾಖೆ ತೆರೆದಾಗ ಸಸ್ಪೆನ್ಸ್ ಖಾತೆಯಲ್ಲಿ 62 ಸಾವಿರ ಇತ್ತು. ಹನ್ನೊಂದನೇ ದಿನ ಸೊನ್ನೆ. ಸಾಫ್ಟ್‌ವೇರ್ ಕಂಪನಿಯವರು ಆರು ತಿಂಗಳ ಬೆಂಬಲಕ್ಕೆ ಅಂತ ಮೊದಲೇ ಬಿಲ್ಲು ಕೊಟ್ಟಿದ್ದರು. ಆ ಬಿಲ್ಲು ಇನ್ನೂ ನನ್ನ ಡ್ರಾಯರಿನಲ್ಲಿದೆ. ತಿಂಗಳಿಗೊಮ್ಮೆ ಫೋನ್ ಮಾಡಿ ಯಾವಾಗ ಪಾಸ್ ಮಾಡ್ತೀರಿ ಅಂತ ಕೇಳುತ್ತಾರೆ. ಎಷ್ಟು ದಿನದ ಬೆಂಬಲ ಕೊಟ್ಟಿರಿ ಅಂತ ಬರೆದು ಕಳಿಸಿ ಅನ್ನುತ್ತೇನೆ.